ಪಡಸಾಲೆಯ ಮಗ್ಗದ ಕುಣಿ: ಮುಚ್ಚಬೇಕಾ, ಬಿಡಬೇಕಾ?

ಇಳಕಲ್ಲ ಹುಡುಗ:
ನಮ್ಮದು ಇಳಕಲ್ಲಿನ ಹಳೆ ಮಣ್ಣಿನ ಮಾಳಿಗೆ ಮನೆ. ಬಾಗಿಲು ದಾಟಿದರೆ ಪಡಸಾಲೆ, 18 ಅಡಿ ಉದ್ದ, 10 ಅಡಿ ಅಗಲ. ಬಲಕ್ಕೆ ಕಿಟಕಿ ಹತ್ತಿರ ಅಜ್ಜನ ಕುಣಿಮಗ್ಗ ಇತ್ತು, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಗ್ಗ ಮಾರಿ ಆರು ವರ್ಷ ಆಯ್ತು. ಕುಣಿ ಉಳಿದಿದೆ, ಮೇಲೆ ಹಲಗೆ ಹಾಕಿ ಜೋಳದ ಚೀಲ ಇಟ್ಟಿದ್ದೇವೆ.

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಲೆಕ್ಕ ಬರೆಯುತ್ತೇನೆ. ಸದ್ಯ ಕೂರುವುದು ಒಳಗಿನ ಕತ್ತಲೆ ಕೋಣೆಯಲ್ಲಿ. ಬೆಳಕಿಂಡಿ ಒಂದೇ, ಹಗಲಲ್ಲೂ ಲೈಟ್ ಬೇಕು. ಪಡಸಾಲೆಗೆ ಬರೋಣ ಅಂದರೆ ಅದು ನನ್ನೊಬ್ಬನದಲ್ಲ. ಮಧ್ಯಾಹ್ನ ಅವ್ವನ ಗೆಳತಿಯರ ಚೌಕಾಬಾರ. ಸಂಜೆ ಓಣಿ ಹುಡುಗರ ಕೇರಂ. ಪಂಚಮಿಗೆ ಜಂತಿಗೆ ಜೋಕಾಲಿ. ಮೊನ್ನೆ ಅಲ್ಲೇ ಕೂತು ಮೀಟಿಂಗ್ ಮಾಡಿದೆ. ಸಾಹೇಬರು ಜಿಎಸ್‌ಟಿ ಬಗ್ಗೆ ಕೇಳುತ್ತಿದ್ದರೆ ಹಿಂದಿನಿಂದ ನಮ್ಮ ಕಾಕು (ಚಿಕ್ಕಮ್ಮ), "ಹೊಡದೆ ನೋಡ ನಿನ್ನ ಕಾಯಿ!"

ಕುಣಿಗೆ ಗರಸು ತುಂಬಿ ಟೈಲ್ಸ್ ಹಾಕು, ಪ್ಲೈವುಡ್ಡಿನ ಅಡ್ಡಗೋಡೆ ಎತ್ತು ಅಂತಾರೆ ನಮ್ಮ ಮಾವ. ಅವ್ವನಿಗೆ ಇಷ್ಟ ಇಲ್ಲ. "ಪಡಸಾಲಿ ಒಡದರ ಮನಿಗೆ ಯಾರ ಬರ್ತಾರೋ?" ನನ್ನ ಹತ್ತಿರ ಇರುವುದು 40 ಸಾವಿರ. ಏನು ಮಾಡಲಿ?

ಬಾಗಲಕೋಟೆ ಮೇಸ್ತ್ರಿ:
ತಮ್ಮಾ, ಪ್ಲೈವುಡ್ ಬೇಡ. ತೆಳು ಹಲಗೆ ಸಪ್ಪಳ ತಡೆಯುವುದಿಲ್ಲ. ಮೇಲೆ ಕೆಳಗೆ ಒಂದಿಷ್ಟು ಸಂದಿ ಉಳಿದರೂ ಸಾಕು, ಮಾತು ಅಲ್ಲಿಂದ ಹಾಯುತ್ತದೆ. ಗಾಳಿ ಬೆಳಕು ಮಾತ್ರ ಪೂರ್ತಿ ಬಂದ್. ಏಪ್ರಿಲ್ ತಿಂಗಳಲ್ಲಿ ಆ ಡಬ್ಬಿಯೊಳಗೆ ಕೂತು ನೋಡು.

ನಿನ್ನ ಕತ್ತಲೆ ಕೋಣೆಯ ಗೋಡೆ ಎರಡು ಅಡಿ ದಪ್ಪ ಇರಬೇಕಲ್ವಾ? ಮೀಟಿಂಗಿಗೆ ಅದೇ ಸರಿ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸು. ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕು, ಮಾರ್ದನಿ ಕಡಿಮೆ ಆಗುತ್ತದೆ. ಲೆಕ್ಕ ಬರೆಯಲು ಬೆಳಕು ಬೇಕು, ಮಾತಾಡಲು ಮೌನ ಬೇಕು. ಎರಡೂ ಒಂದೇ ಜಾಗದಲ್ಲಿ ಸಿಗಬೇಕು ಅಂತ ಯಾಕೆ ಹಟ?

ಗುಳೇದಗುಡ್ಡದ ಅಕ್ಕ:
ಕುಣಿ ಮುಚ್ಚಬೇಡಪ್ಪಾ. ಅದೇ ನಿನ್ನ ಮೇಜು.

ನಮ್ಮಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುವ ಎರಡು ಕುಣಿಮಗ್ಗ ಇದ್ದವು, ಈಗ ಒಂದೇ. ಖಾಲಿ ಕುಣಿಯಲ್ಲಿ ಮಗಳು ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಾಳೆ. ನೆಲದ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಕುರ್ಚಿ ಮೇಲೆ ಕೂತ ಹಾಗೇ. ನಮ್ಮ ಕುಣಿ ಎರಡೂವರೆ ಅಡಿ ಆಳ ಇತ್ತು. ನೆಲದಿಂದ ಒಂದೂವರೆ ಅಡಿ ಕೆಳಗೆ ಪಾದಕ್ಕೆ ಹಲಗೆ ಕೊಟ್ಟೆವು. ಮುಂದೆ 11 ಇಂಚು ಎತ್ತರದ ಮಣೆ. ನಿನ್ನ ಅಳತೆ ನೀನೇ ನೋಡಿಕೋ, ಮೊಣಕಾಲಿಗೆ ಮಣೆ ತಾಗಬಾರದು.

ಒಂದು ಮಾತು. ಬೆನ್ನಿಗೆ ಆಸರೆ ಇಲ್ಲದೆ ನಮ್ಮ ಮಾವನವರ ಸೊಂಟ ಹೋಯ್ತು. ಆದ್ದರಿಂದ ಕಾಲಿಲ್ಲದ ಒರಗು ಕುರ್ಚಿ ತಗೋ. ಇನ್ನು, ಕುಣಿ ತಂಪಿದ್ದರೆ ಹಾಸಿನ (ಮಗ್ಗದ ಉದ್ದಕ್ಕೆ ಬಿಗಿದ) ಎಳೆ ಬೇಗ ಹರಿಯುವುದಿಲ್ಲ, ನೇಕಾರನಿಗೆ ಅದು ಒಳ್ಳೆಯದು. ನಿನ್ನ ಮೊಣಕಾಲಿಗೆ, ಕರೆಂಟಿನ ವೈರ್‌ಗೆ ಒಳ್ಳೆಯದಲ್ಲ. ಒಳಗೆ ಕಲ್ಲು ಹಾಸಿಸು. ಸ್ವಿಚ್ ಬೋರ್ಡ್ ಗೋಡೆ ಮೇಲೇ ಇರಲಿ.

ಕೆಲಸ ಮುಗಿದ ಕೂಡಲೇ ದಪ್ಪ ಹಲಗೆ ಮುಚ್ಚಳ ಹಾಕು, ನೆಲಕ್ಕೆ ಸಮ. ಮಕ್ಕಳು ಬೀಳುವ ಭಯ ಇಲ್ಲ. ಮುಚ್ಚಳದ ಮೇಲೆ ಐದೈದರ ಚೌಕಾಬಾರದ ಮನೆ ಕೊರೆಸಿದರೆ ಅವ್ವನ ಆಟವೂ ಅಲ್ಲೇ.

ಇಳಕಲ್ಲ ಹುಡುಗ:
ಅಕ್ಕಾರೆ, ಇವತ್ತು ಜೋಳದ ಚೀಲ ಸರಿಸಿ ಕೂತು ನೋಡಿದೆ. ಕಿಟಕಿ ಬೆಳಕು ಎಡಗಡೆಯಿಂದ ಬರುತ್ತದೆ, ಸ್ಕ್ರೀನ್ ಕಣ್ಣಿಗೆ ಹೊಳೆಯುವುದಿಲ್ಲ. ಅಜ್ಜ ಸುಮ್ನೆ ಅಲ್ಲಿ ಮಗ್ಗ ಹೂಡಿರಲಿಲ್ಲ. ಕೆಳಗೆ ಒಂದು ಹಳೆ ಲಾಳಿಯೂ ಸಿಕ್ಕಿತು.

ಮೇಸ್ತ್ರಿ ಅಣ್ಣಾ, ನಿಮ್ಮ ಮಾತಿನಂತೆ ಮೀಟಿಂಗಿಗೆ ಮಾತ್ರ ಒಳಕೋಣೆ. ಮಧ್ಯಾಹ್ನ ಅವ್ವನವರು ಎಡ ತುದಿಯಲ್ಲಿ, ನಾನು ಬಲ ತುದಿಯಲ್ಲಿ. ಲೆಕ್ಕ ಬರೆಯುವಾಗ ಕಾಕುನ ಗದ್ದಲ ನನಗೇನೂ ಅಡ್ಡಿಯಲ್ಲ.

ಮುಚ್ಚಳದ ವಿಷಯ ಅವ್ವನಿಗೆ ಹೇಳಿದೆ. ಕೊರೆದ ಮನೆ ಇಷ್ಟ ಆಯ್ತು. ಆದರೆ, "ಹಲಗಿ ಸಂದಿಯಾಗ ಕವಡಿ ಬಿದ್ದರ ತೆಗಿಯಾಂವ ಯಾರು?" ಅಂತ ಕೇಳುತ್ತಿದ್ದಾಳೆ. ಸಂದಿ ಬಿಡದೆ ಹಲಗೆ ಕೂಡಿಸುವ ಬಡಿಗೇರರು ಈ ಕಡೆ ಯಾರಾದರೂ ಇದ್ದಾರಾ?