ಅಮೆರಿಕದ ಕಾಂಗ್ರೆಸ್‌ನಲ್ಲಿ ಪೋಪ್ ಆ ನಾಲ್ವರ ಹೆಸರನ್ನೇ ಯಾಕೆ ಹೇಳಿದರು?

ಹಳೇಕಿಟಕಿ:
ಪೋಪ್ ಫ್ರಾನ್ಸಿಸ್ 2015ರ ಸೆಪ್ಟೆಂಬರ್ 24ರಂದು ಅಮೆರಿಕದ ಕಾಂಗ್ರೆಸ್‌ನಲ್ಲಿ ಮಾಡಿದ ಭಾಷಣವನ್ನು ನಿನ್ನೆ ಪೂರ್ತಿ ಓದಿದೆ. ಬೈಬಲ್ ವಾಕ್ಯಗಳೇ ತುಂಬಿರುತ್ತವೆ ಅಂದುಕೊಂಡಿದ್ದೆ. ನೋಡಿದರೆ ಇಡೀ ಭಾಷಣ ನಿಂತಿರುವುದು ನಾಲ್ವರು ಅಮೆರಿಕನ್ನರ ಮೇಲೆ: ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್, ಡೊರೊಥಿ ಡೇ, ಸನ್ಯಾಸಿ-ಲೇಖಕ ಥಾಮಸ್ ಮರ್ಟನ್. ಮೊದಲಿಬ್ಬರು ಕಥೋಲಿಕರೇ ಅಲ್ಲ! ಇವರನ್ನೇ ಯಾಕೆ ಆರಿಸಿಕೊಂಡರು? ಇನ್ನೊಂದು ಪ್ರಶ್ನೆ. ಧರ್ಮವನ್ನೂ ಸರ್ಕಾರವನ್ನೂ ಬೇರೆ ಇಟ್ಟ ದೇಶದಲ್ಲಿ ಒಬ್ಬ ಧರ್ಮಗುರು ಶಾಸನಸಭೆಯಲ್ಲಿ ನಿಂತು ಬುದ್ಧಿ ಹೇಳುವುದು ಸರಿಯಾ?

ಮಳೆಹನಿ:
ಮೂವರಿಗೆ ಸುಲಭದ ಕಾರಣ ಇದೆ. ಆ ವರ್ಷಕ್ಕೆ ಲಿಂಕನ್ ಹತ್ಯೆಯಾಗಿ 150 ವರ್ಷ, ಕಪ್ಪು ಜನರ ಮತದ ಹಕ್ಕಿಗಾಗಿ ಕಿಂಗ್ ನಡೆಸಿದ ಸೆಲ್ಮಾ ನಡಿಗೆಗೆ 50, ಮರ್ಟನ್ ಹುಟ್ಟಿ 100. ಆದರೆ ಡೊರೊಥಿ ಡೇಗೆ ಅಂಥ ಯಾವ ನೆಪವೂ ಇರಲಿಲ್ಲ, ಬೇಕಂತಲೇ ಕರೆತಂದರು. ಈಕೆ 1933ರಲ್ಲಿ ಒಂದು ಸೆಂಟ್‌ಗೆ ಒಂದು ಪತ್ರಿಕೆ ಮಾರುತ್ತಾ ಕಥೋಲಿಕ್ ವರ್ಕರ್ ಚಳವಳಿ ಶುರು ಮಾಡಿದವರು, ಹಸಿದವರಿಗೆ ಊಟ ಹಾಕಿದವರು, ಎರಡನೇ ಮಹಾಯುದ್ಧವನ್ನೂ ವಿರೋಧಿಸಿ ತಮ್ಮ ಓದುಗರನ್ನೇ ಕಳೆದುಕೊಂಡವರು. ಹಲವು ಸಲ ಜೈಲು ಕಂಡ ಈ ಹೆಂಗಸಿನ ಹೆಸರನ್ನು ಕಾನೂನು ಮಾಡುವವರ ಎದುರು ಹೇಳುವುದಿದೆಯಲ್ಲ, ಅದರಲ್ಲೇ ಒಂದು ಚುಚ್ಚು ಇದೆ.

ಸುಮ್ನೆ_ಓದುಗ:
ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. 1960ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕಥೋಲಿಕ ಕೆನಡಿ ಹ್ಯೂಸ್ಟನ್‌ಗೆ ಹೋಗಿ, ಪ್ರೊಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು, ನಾನು ಅಧ್ಯಕ್ಷನಾದರೆ ಪೋಪ್ ಹೇಳಿದಂತೆ ಕುಣಿಯುವುದಿಲ್ಲ ಅನ್ನೋ ಅರ್ಥದ ಮಾತು ಹೇಳಬೇಕಾಯಿತು. ಐವತ್ತೈದು ವರ್ಷ ಕಳೆದ ಮೇಲೆ ಸ್ವತಃ ಪೋಪ್ ಕಾಂಗ್ರೆಸ್‌ನಲ್ಲಿ ಮಾತಾಡುತ್ತಿದ್ದಾರೆ, ಹಿಂದೆ ಕೂತ ಆಗಿನ ಉಪಾಧ್ಯಕ್ಷ ಬೈಡನ್ ಮತ್ತು ಸ್ಪೀಕರ್ ಬೇನರ್ ಇಬ್ಬರೂ ಕಥೋಲಿಕರು, ಬೇನರ್ ಅಂತೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಾರೆ! ಪೋಪ್ ತಮ್ಮ ಚರ್ಚಿನ ಕಟ್ಟಳೆ ತಂದು ಹೇರಿದ್ದರೆ ನಾನೂ ಬೇಡ ಅನ್ನುತ್ತಿದ್ದೆ. ಅವರು ಮಾಡಿದ್ದು ಬೇರೆ. ನೀವೇ ದೊಡ್ಡವರು ಅಂತ ಒಪ್ಪಿಕೊಂಡವರ ಹೆಸರು ಹೇಳಿ, ಈಗ ಹಾಗೆ ನಡೆಯುತ್ತಿದ್ದೀರಾ ಅಂತ ಕೇಳಿದ ಹಾಗಿತ್ತು.

ಅದರಲ್ಲೊಂದು ಮಜಾ ಪ್ರಸಂಗ. ಜೀವವನ್ನು ಎಲ್ಲ ಹಂತದಲ್ಲೂ ಕಾಪಾಡಬೇಕು ಅಂದ ಕೂಡಲೇ ಮುಂದಿನ ಮಾತು ಗರ್ಭಪಾತದ್ದು ಅಂದುಕೊಂಡು ಚಪ್ಪಾಳೆ ತಟ್ಟಿದವರಿದ್ದರು. ಪೋಪ್ ನೇರವಾಗಿ ಮರಣದಂಡನೆ ರದ್ದು ಮಾಡಿ ಅನ್ನುವಲ್ಲಿಗೆ ಹೋದರು. ಶಸ್ತ್ರ ವ್ಯಾಪಾರದ ಹಣ ರಕ್ತದಲ್ಲಿ ನೆಂದಿದೆ ಅಂತಲೂ ಹೇಳಿದರು. ಯಾವ ಪಕ್ಷವೂ ಪೂರ್ತಿ ಖುಷಿಪಡಲು ಬಿಡಲಿಲ್ಲ.

ಕಲ್ಲುದಾರಿ:
ಎಲ್ಲ ಚೆನ್ನಾಗಿದೆ, ಆದರೆ ಹಿಂದಿನ ದಿನದ ಕಥೆ ಯಾರೂ ಹೇಳುತ್ತಿಲ್ಲ. ಸೆಪ್ಟೆಂಬರ್ 23ರಂದು ವಾಷಿಂಗ್ಟನ್‌ನಲ್ಲೇ ಹುನಿಪೆರೊ ಸೆರ್ರಾಗೆ ಸಂತ ಪದವಿ ಕೊಟ್ಟರು. ಈತ 18ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತಪ್ರಚಾರದ ಮಿಷನ್‌ಗಳನ್ನು ಕಟ್ಟಿದ ಸ್ಪೇನಿನ ಪಾದ್ರಿ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಲ್ಲಿ ಅನೇಕರು ಇದನ್ನು ವಿರೋಧಿಸಿದ್ದರು, ಆ ಮಿಷನ್‌ಗಳಲ್ಲಿ ತಮ್ಮ ಹಿರಿಯರು ಏಟು ತಿಂದು ದುಡಿದರು, ರೋಗಕ್ಕೆ ಸತ್ತರು ಅಂತ. ಮರುದಿನ ಕಾಂಗ್ರೆಸ್‌ನಲ್ಲಿ, ನಮಗಿಂತ ಮೊದಲು ಇಲ್ಲಿದ್ದವರ ಹಕ್ಕಿಗೆ ಎಲ್ಲ ಸಲವೂ ಗೌರವ ಸಿಗಲಿಲ್ಲ ಅಂದರು, ನಿಜ. ಕೆಲವೇ ಸಾಲು. ದೇಶಕ್ಕೆ ಅದರದೇ ಆದರ್ಶದ ಕನ್ನಡಿ ಹಿಡಿಯುವವರು ತಮ್ಮ ಚರ್ಚಿಗೂ ಅಷ್ಟೇ ಗಟ್ಟಿಯಾಗಿ ಹಿಡಿಯಬೇಕಲ್ವಾ?

ಮಳೆಹನಿ:
@ಕಲ್ಲುದಾರಿ ಒಪ್ಪುತ್ತೇನೆ. ಅದೇ ವರ್ಷ ಜುಲೈನಲ್ಲಿ ಬೊಲಿವಿಯಾದಲ್ಲಿ ಅವರು ಮೂಲನಿವಾಸಿಗಳ ಕ್ಷಮೆ ಕೇಳಿದ್ದರು, ಅದನ್ನು ನೋಡಿದರೆ ಇದು ಇನ್ನೂ ವಿಚಿತ್ರ. ಆದರೂ ಕಾಂಗ್ರೆಸ್‌ನಿಂದ ಹೊರಬಂದ ಮೇಲೆ ರಾಜಕಾರಣಿಗಳ ಜೊತೆ ಊಟಕ್ಕೆ ಕೂರದೆ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಮನೆಯಿಲ್ಲದವರನ್ನು ನೋಡಲು ಹೋದರಲ್ಲ, ನನಗೆ ಡೊರೊಥಿ ಡೇ ಹೆಸರಿನ ಅರ್ಥ ಸಿಕ್ಕಿದ್ದು ಅಲ್ಲೇ.

ಹಳೇಕಿಟಕಿ:
ಥ್ಯಾಂಕ್ಸ್. ಎರಡು ದಿನದ ನಂತರ ಫಿಲಡೆಲ್ಫಿಯಾದಲ್ಲಿ, ಲಿಂಕನ್ ಗೆಟಿಸ್‌ಬರ್ಗ್ ಭಾಷಣಕ್ಕೆ ಬಳಸಿದ ಪೀಠದ ಮುಂದೆ ನಿಂತು, ವಲಸೆ ಬಂದವರಿಗೆ ನಿಮ್ಮ ಸಂಪ್ರದಾಯದ ಬಗ್ಗೆ ನಾಚಬೇಡಿ ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಈಗಷ್ಟೇ ಓದಿದೆ. @ಕಲ್ಲುದಾರಿ, ಸೆರ್ರಾ ಬಗ್ಗೆ ಬೇರೆ ಥ್ರೆಡ್ ಹಾಕಿ, ಅಲ್ಲಿಗೇ ಬರುತ್ತೇನೆ.