ಅಲರ್ಜಿ ಮಾತ್ರೆಯನ್ನು ಗ್ರೇಪ್‌ಫ್ರೂಟ್ ರಸದೊಂದಿಗೆ ನುಂಗಬಹುದೇ?

ಪ್ರಶ್ನೆ:
ನಾನು ಟೆಕ್ಸಾಸ್‌ನಲ್ಲಿ ನೆಲೆಸಿದ್ದೇನೆ. ವಸಂತದಲ್ಲಿ ಓಕ್ ಮರಗಳ ಪರಾಗ ಹಾರತೊಡಗಿದೊಡನೆ ಸೀನು, ಕಣ್ಣುರಿ ಆರಂಭವಾಗುವುದರಿಂದ ದಿನವೂ ಬೆಳಿಗ್ಗೆ 180 ಮಿಲಿಗ್ರಾಂನ ಫೆಕ್ಸೊಫೆನಡಿನ್ (ಅಲೆಗ್ರಾ) ಮಾತ್ರೆಯನ್ನು ತಿಂಡಿಯ ಹೊತ್ತಿನ ಗ್ರೇಪ್‌ಫ್ರೂಟ್ ರಸದೊಂದಿಗೆ ನುಂಗುತ್ತೇನೆ. ಹಣ್ಣಿನ ರಸದ ಜೊತೆ ಸೇವಿಸಬಾರದೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಈ ಹಣ್ಣು ರಕ್ತದಲ್ಲಿ ಔಷಧದ ಪ್ರಮಾಣವನ್ನು ಅಪಾಯಕರವಾಗಿ ಏರಿಸುತ್ತದೆಂದು ಕೇಳಿದ್ದೇನೆ. ಆದರೆ ನನಗೆ ಔಷಧ ಹೆಚ್ಚಾದ ಲಕ್ಷಣವೇನೂ ಇಲ್ಲ, ಸೀನು ಮಾತ್ರ ನಿಲ್ಲುತ್ತಿಲ್ಲ. ಇದಕ್ಕೆ ಕಾರಣವೇನು?

ಉತ್ತರ 1:
ತಾವು ಕೇಳಿದ್ದು ಬೇರೆ ಹಲವು ಔಷಧಗಳಿಗೆ ನಿಜ. ಫೆಕ್ಸೊಫೆನಡಿನ್ ವಿಷಯದಲ್ಲಿ ಆಗುವುದು ಅದರ ವಿರುದ್ಧ. ಈ ಔಷಧವು ಕರುಳಿನಿಂದ ರಕ್ತಕ್ಕೆ ಸೇರಲು ಕರುಳಿನ ಒಳಪದರದ ಜೀವಕೋಶಗಳಲ್ಲಿರುವ ಸಾಗಣೆ ಪ್ರೋಟೀನುಗಳನ್ನು ನೆಚ್ಚಿಕೊಂಡಿದೆ. ಗ್ರೇಪ್‌ಫ್ರೂಟ್ ರಸದಲ್ಲಿರುವ ನರಿಂಜಿನ್ ಮೊದಲಾದ ಅಂಶಗಳು ಆ ಪ್ರೋಟೀನುಗಳನ್ನು ತಡೆಹಿಡಿಯುವುದರಿಂದ ನುಂಗಿದ ಔಷಧದ ಒಂದು ಪಾಲು ರಕ್ತವನ್ನು ತಲುಪದೆ ಹೊರಹೋಗುತ್ತದೆ. ಗ್ರೇಪ್‌ಫ್ರೂಟ್ ಮತ್ತು ಕಿತ್ತಳೆ ರಸಗಳ ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ ರಕ್ತ ಸೇರುವ ಔಷಧದಲ್ಲಿ ಶೇ. 36ರಷ್ಟು ಇಳಿಕೆ ಕಂಡುಬಂದುದನ್ನು ಅಮೆರಿಕದ ಔಷಧ ಮಾಹಿತಿ ಪತ್ರದಲ್ಲಿಯೇ ಮುದ್ರಿಸಲಾಗಿದೆ. ಸೇಬಿನ ರಸವೂ ಹೀಗೆಯೇ ಅಡ್ಡಿಪಡಿಸುತ್ತದೆ. ಆದ್ದರಿಂದ ಮಾತ್ರೆಯನ್ನು ನೀರಿನೊಂದಿಗೆ ನುಂಗಿ, ರಸಕ್ಕೂ ಅದಕ್ಕೂ ನಾಲ್ಕು ಗಂಟೆಗಳ ಅಂತರವಿಡಿ. ಎದೆಯುರಿಗೆಂದು ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕುಡಿಯುವವರಾದರೆ ಅದನ್ನೂ ದೂರವಿಡಬೇಕು. ಸೀನು ನಿಲ್ಲಲಿಲ್ಲವೆಂದು ಎರಡನೆಯ ಮಾತ್ರೆ ನುಂಗುವುದಂತೂ ಸರಿಯಲ್ಲ.

ಉತ್ತರ 2:
ತಮ್ಮ ಭಯಕ್ಕೂ ಒಂದು ಹಿನ್ನೆಲೆಯಿದೆ. ಫೆಕ್ಸೊಫೆನಡಿನ್‌ಗೆ ಮೊದಲು ಟರ್ಫೆನಡಿನ್ ಎಂಬ ಅಲರ್ಜಿ ಔಷಧ ಬಳಕೆಯಲ್ಲಿತ್ತು; ಅದು ದೇಹದೊಳಗೆ ರೂಪಾಂತರಗೊಂಡೇ ಫೆಕ್ಸೊಫೆನಡಿನ್ ಆಗುತ್ತಿತ್ತು. ಈ ರೂಪಾಂತರ ನಡೆಸುವ ಸಿವೈಪಿ3ಎ4 ಎಂಬ ಕಿಣ್ವವನ್ನು ಕೆಲವು ಔಷಧಗಳಾಗಲಿ ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯುರಾನೊಕೂಮರಿನ್ ಎಂಬ ರಾಸಾಯನಿಕಗಳಾಗಲಿ ತಡೆದರೆ ಮೂಲ ಔಷಧವೇ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನು ಪ್ರಾಣಾಂತಿಕವಾಗಿ ಲಯತಪ್ಪಿಸಬಲ್ಲದಾಗಿತ್ತು. 1998ರಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ತಾಯಿ ಔಷಧಕ್ಕೆ ಈ ಹಣ್ಣು ವಿಷವಾಗಿ, ಅದರ ಮಗುವಿಗೆ ಬರಿಯ ಅಡ್ಡಗಾಲಾಗಿರುವುದು ನನಗಂತೂ ಸ್ವಾರಸ್ಯಕರವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ರಸವನ್ನು ಬಿಡಲು ಮನಸ್ಸಿಲ್ಲದವರು ಸೆಟಿರಿಜಿನ್‌ಗೆ ಬದಲಾಯಿಸಿಕೊಳ್ಳಬಹುದೇ? ಇನ್ನೊಂದು ಸಂದೇಹ: ಊರಿನಿಂದ ಬಂದಿರುವ ನಮ್ಮ ತಾಯಿಯವರು ಕೊಲೆಸ್ಟರಾಲಿಗಾಗಿ ಸಿಮ್ವಾಸ್ಟಾಟಿನ್ ಸೇವಿಸುತ್ತಾರೆ, ಅವರಿಗೂ ಅಂತರವಿಟ್ಟರೆ ಸಾಕೇ?

ಉತ್ತರ 1:
ಸೆಟಿರಿಜಿನ್‌ಗೆ ಈ ತೊಡಕು ಇರುವುದು ಕಂಡುಬಂದಿಲ್ಲ; ಅದರ ಹೆಚ್ಚಿನ ಭಾಗ ರೂಪಾಂತರಗೊಳ್ಳದೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ಆದರೆ ಕೆಲವರಿಗೆ ತೂಕಡಿಕೆ ಬರುತ್ತದೆ, ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರು ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಬಿಲಾಸ್ಟಿನ್ ಎಂಬ ಇನ್ನೊಂದು ಅಲರ್ಜಿ ಔಷಧವನ್ನು ಆಯ್ದರೆ ಪ್ರಯೋಜನವಿಲ್ಲ, ಅದನ್ನೂ ಈ ರಸ ತಗ್ಗಿಸುತ್ತದೆ. ರುಪಟಡಿನ್ ಮಾತ್ರ ಟರ್ಫೆನಡಿನ್‌ನಂತೆ ರಕ್ತದಲ್ಲಿ ಏರುವ ಔಷಧವಾದ್ದರಿಂದ ಗ್ರೇಪ್‌ಫ್ರೂಟ್‌ನೊಂದಿಗೆ ಅದನ್ನು ಬಳಸಲೇಬಾರದು.

ತಾಯಿಯವರ ವಿಷಯ ಬೇರೆ. ಗ್ರೇಪ್‌ಫ್ರೂಟ್ ಅದೇ ಸಿವೈಪಿ3ಎ4 ಕಿಣ್ವವನ್ನು ತಡೆದು ಸಿಮ್ವಾಸ್ಟಾಟಿನ್ ಅನ್ನೂ ರಕ್ತದಲ್ಲಿ ಏರಿಸುತ್ತದೆ, ಹಾಗೆ ಏರಿದರೆ ಸ್ನಾಯುಗಳಿಗೆ ಹಾನಿಯಾಗಬಹುದು. ಸಾಗಣೆ ಪ್ರೋಟೀನುಗಳ ಮೇಲಿನ ತಡೆ ಕೆಲವೇ ಗಂಟೆಗಳಲ್ಲಿ ತಗ್ಗಿದರೂ ಕರುಳಿನ ಕಿಣ್ವ ಹಾಳಾದರೆ ಹೊಸದು ಹುಟ್ಟಲು ಒಂದು ದಿನಕ್ಕೂ ಮೀರಿ ಬೇಕಾಗುವುದರಿಂದ ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂಬ ಉಪಾಯ ಇಲ್ಲಿ ನಡೆಯದು. ಅವರು ಗ್ರೇಪ್‌ಫ್ರೂಟನ್ನು ಪೂರ್ತಿ ಬಿಡಬೇಕು. ನಮ್ಮ ದೇವನಹಳ್ಳಿಯ ಚಕ್ಕೋತದ ಬಗ್ಗೆಯೂ ಅವರ ವೈದ್ಯರನ್ನು ಕೇಳಿ, ಏಕೆಂದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ, ಮತ್ತು ಚಕ್ಕೋತದಲ್ಲಿಯೂ ಫ್ಯುರಾನೊಕೂಮರಿನ್‌ಗಳಿವೆ.