ಅಪ್‌ಡೇಟ್: ತಮ್ಮನ ತಲೆಯಲ್ಲಿ ಕೂದಲು ಮತ್ತೆ ಬರ್ತಾ ಇದೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ತಮ್ಮನ ತಲೆಯಲ್ಲಿ ನಾಣ್ಯದಷ್ಟು ಅಗಲ ಎರಡು ಕಡೆ ಕೂದಲು ಪೂರ್ತಿ ಉದುರಿದೆ, ಮನೆಯವರು ಹುಳ ತಿಂದಿದೆ ಅಂತ ಬೆಳ್ಳುಳ್ಳಿ ಉಜ್ಜುತ್ತಿದ್ದಾರೆ, ಏನು ಮಾಡಲಿ ಅಂತ. ಚರ್ಮದ ಡಾಕ್ಟರ ಹತ್ತಿರ ಹೋಗಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಅದು ಹುಳ ಅಲ್ಲ, ಅಲೋಪೇಶಿಯಾ ಏರಿಯೇಟಾ. ನಮ್ಮ ದೇಹದ ರಕ್ಷಣಾ ಶಕ್ತಿಯೇ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತದಂತೆ. ಅಂಟುರೋಗವಲ್ಲ. ಡಾಕ್ಟರ್ ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಉಪಕರಣ) ಇಟ್ಟು ನೋಡಿ, ಅಂಚಿನಲ್ಲಿದ್ದ ಗಿಡ್ಡ ಕೂದಲು ತೋರಿಸಿದರು. ತುದಿ ದಪ್ಪ, ಬುಡ ಸಣ್ಣ, ಥೇಟ್ ಆಶ್ಚರ್ಯಸೂಚಕ ಚಿಹ್ನೆ! ಉಗುರಲ್ಲಿ ಚುಕ್ಕಿ ಗುಳಿ ಇದೆಯಾ ಅಂತಲೂ ನೋಡಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ನಾರ್ಮಲ್.

ಚಿಕಿತ್ಸೆ ಅಂದರೆ ಕೂದಲು ಉದುರಿದ ಜಾಗಕ್ಕೇ ಟ್ರಯಾಮ್ಸಿನೊಲೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್, 4 ವಾರಕ್ಕೊಮ್ಮೆ. ಮೂರು ಸಲ ಆಯಿತು. ಚುಚ್ಚುವಾಗ ನೋವಿದೆ, ಸುಳ್ಳು ಹೇಳಲ್ಲ. ಈಗ ಬಿಳಿ ಕೂದಲು ಮೊಳೆತಿದೆ. ಅಮ್ಮ ಗಾಬರಿಯಾದರು. ಆದರೆ ಮೊದಲು ಬಿಳಿಯಾಗಿ ಬಂದು ಆಮೇಲೆ ಕಪ್ಪಾಗುವುದು ಸಾಮಾನ್ಯವಂತೆ.

ಮತ್ತೆ ಉದುರಬಹುದು ಅಂತಲೂ ಡಾಕ್ಟರ್ ಹೇಳಿದ್ದಾರೆ. ಬೆಳ್ಳುಳ್ಳಿ ಮಾತ್ರ ದಯವಿಟ್ಟು ಉಜ್ಜಬೇಡಿ. ಅವನ ಚರ್ಮ ಸುಟ್ಟು ಗುಳ್ಳೆ ಎದ್ದಿತ್ತು, ಅದು ವಾಸಿಯಾಗುವವರೆಗೆ ಇಂಜೆಕ್ಷನ್‌ಗೂ ಕಾಯಬೇಕಾಯಿತು. ನಿನ್ನೆ ಟೋಪಿ ಇಲ್ಲದೆ ಕಾಲೇಜಿಗೆ ಹೋದ.